ಹತ್ತಿ ತುಂಬಿದ ಕುಲಾವಿ

ತಾಯಿ ಹಿತ್ತಲಿಂದ ತಂದ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿದಳು. ಕೊನೆಯದನ್ನು ಮಂಚದ ಮೇಲಿಡಲು ಬಗ್ಗಿದಾಗ ಕಂಡಿತು. ಅಲ್ಲಿ ಮಲಗಿದ್ದ ಮಗುವಿನ ಕುಲಾವಿ ಗದ್ದದವರೆಗೆ ಇಳಿದಿತ್ತು. ಉಸಿರಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಬಂದಾಗ ಅಜ್ಜಿ ಬಾಗಿಲಲ್ಲೇ ಹೇಳಿದಳು: "ಕುಲಾವಿ ಜಾರಿ ಉಸಿರು ಕಟ್ಟಿದೆ, ಮೇಡಂ. ಮೊದಲೇ ಅರೆಜೀವ. ಹುಟ್ಟಿದಾಗಿಂದ ತಲೆ ಬೆಳೀಲೇ ಇಲ್ಲ."

ಕುಲಾವಿಯ ಒಳಗೆ ಗಟ್ಟಿಯಾಗಿ ಹತ್ತಿ ತುಂಬಿತ್ತು.

"ಇಷ್ಟು ಹತ್ತಿ ಯಾಕೆ?"

"ತಲೆ ದೊಡ್ಡದಾಗಿ ಕಾಣಲಿ ಅಂತ," ಎಂದಳು ಮಗುವಿನ ಸೋದರತ್ತೆ. ಮನೆಯಲ್ಲೇ ಬಟ್ಟೆ ಹೊಲಿಯುವವಳು. "ಸಂಜೆ ನನ್ನ ನೋಡೋಕೆ ಗಂಡಿನ ಕಡೆಯವರು ಬರೋರಿದ್ರು."

"ನೀನೆಲ್ಲಿದ್ದೆ?"

"ಮಿಷನ್ ಮುಂದೆ. ಬೆಳಗ್ಗೆಯಿಂದ ಎದ್ದೇ ಇಲ್ಲ."

*

ಮೊದಲ ಅನುಮಾನ ತಂದೆಯ ಮೇಲೆ. ರಾತ್ರಿ ಪಾಳಿ ಮುಗಿಸಿ ಪಕ್ಕದ ಕೋಣೆಯಲ್ಲಿ ಮಲಗಿದ್ದ. 'ಇದು ಇರೋದಕ್ಕಿಂತ ಹೋಗೋದೇ ವಾಸಿ' ಎಂದು ನಿನ್ನೆ ಕೂಗಾಡಿದ್ದು ಇಡೀ ಬೀದಿಗೆ ಕೇಳಿತ್ತು.

"ಅಂದಿದ್ದು ಹೌದು," ಎಂದ. "ಅಂದ್ಮೇಲೆ ನಾನೇ ಮಗೂನ ಎತ್ಕೊಂಡು ಮಲಗಿಸಿದೆ. ಇವತ್ತು ಈ ಮಿಷನ್ ಗಲಾಟೆಗೆ ಕಣ್ಣೇ ಮುಚ್ಚಲಿಲ್ಲ. ಅದು ನಿಂತ ಮೇಲೇ ನಿದ್ದೆ ಹತ್ತಿದ್ದು."

"ನಿಂತಿತ್ತಾ?"

"ಸುಮಾರು ಹೊತ್ತು."

*

ಇನ್ಸ್‌ಪೆಕ್ಟರಮ್ಮ ಕುಲಾವಿಯನ್ನು ತಾಯಿಯ ಮುಂದೆ ಹಿಡಿದಳು. "ಜಾರಿದ್ದರೆ ಒಳಗಿನ ಅಂಚು ಒದ್ದೆಯಾಗಬೇಕಿತ್ತು. ಜೊಲ್ಲೆಲ್ಲ ಕುಲಾವಿಯ ನೆತ್ತಿಯ ಮೇಲೆ, ಹೊರಬದಿಗಿದೆ. ಯಾರೋ ಇದನ್ನ ಬಾಯಿಗೆ ಒತ್ತಿ, ಆಮೇಲೆ ತೊಡಿಸಿದ್ದಾರೆ."

"ಇದು ನಾನು ಹಾಕಿದ್ದಲ್ಲ." ತಾಯಿ ಮೊದಲ ಸಲ ಬಾಯಿಬಿಟ್ಟಳು. "ನಾನು ಹಾಕಿದ್ದು ನೀಲಿದು."

ನೀಲಿ ಕುಲಾವಿ ಹೊಲಿಗೆ ಮಿಷನ್ ಕೆಳಗಿನ ಚಿಂದಿ ಬುಟ್ಟಿಯಲ್ಲಿ ಸಿಕ್ಕಿತು.

"ಹೊಸದರ ಅಳತೆ ನೋಡೋಕೆ ಹೋದೆ," ಎಂದಳು ಸೋದರತ್ತೆ. "ಎಷ್ಟು ಹತ್ತಿ ತುಂಬಿದ್ರೂ ಗೊತ್ತಾಗ್ತಿತ್ತು. ಮಗು ನೋಡಿದ್ದೇ ತಡ, ಬಂದ ಸಂಬಂಧ ಮುರಿದು ಹೋಗ್ತಿತ್ತು. ನಿಮ್ಮ ರಕ್ತದಲ್ಲೇ ಇದೆ, ನಿನಗೂ ಇಂಥದ್ದೇ ಹುಟ್ಟುತ್ತೆ ಅನ್ನೋರು."

"ಕೆಲವು ಮನೆಗಳಲ್ಲಿ ವಂಶದಿಂದ ಬರುತ್ತಂತೆ," ಎಂದಳು ಇನ್ಸ್‌ಪೆಕ್ಟರಮ್ಮ. " ಇಲ್ಲಿ ಹಾಗಲ್ಲ. ಈಗ ಡಾಕ್ಟರಿಗೆ ಫೋನ್ ಮಾಡಿದ್ದೆ. ಬಸುರಿನಲ್ಲಿ ನಿಮ್ಮತ್ತಿಗೆಗೆ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದಿತ್ತಲ್ಲ, ಆ ವೈರಸ್ ಮಗುವಿನ ಮಿದುಳಿಗೆ ತಗುಲಿದೆ. ನಿನ್ನ ರಕ್ತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮಗುವಿನ ಪರೀಕ್ಷೆ ಏನಾಯ್ತು ಅಂತ ಕೇಳೋಕೆ ಹೋದ ನಿಮ್ಮಮ್ಮನಿಗೆ ಡಾಕ್ಟರು ಅವತ್ತೇ ಇದನ್ನ ಹೇಳಿದ್ದಾರೆ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

"ಆ ಜ್ವರಕ್ಕೆ ಆಸ್ಪತ್ರೆ ಯಾಕೆ ಅಂದೋಳು ನಾನೇ," ಎಂದಳು ಅಜ್ಜಿ. "ಯಾವ ಮುಖ ಇಟ್ಕೊಂಡು ಹೇಳಲಿ?"

ಸೋದರತ್ತೆ ಅಳಲಿಲ್ಲ. ಪೇದೆಯ ಜೊತೆ ಹೊಸ್ತಿಲು ದಾಟಿ ನಿಂತಳು. ಅಂಗಳದ ಕಲ್ಲು ಬಿಸಿಲಿಗೆ ಕಾದಿತ್ತು.

"ಅತ್ತಿಗೆ, ನನ್ನ ಚಪ್ಪಲಿ ಒಳಗಿದೆ. ಸ್ವಲ್ಪ ತಂದುಕೊಡ್ತೀಯಾ?"