ಒಂಬತ್ತು ವರ್ಷದ ಅಜ್ಜಿ

“ಬಸ್ಸಿಗೆ ಐದು ಸಾವಿರ, ರೂಮಿಗೆ ಆರು, ಊಟ ತಿಂಡಿಗೆ ಮೂರು. ಸಮುದ್ರ ನೋಡೋಕೆ ನಾವೇ ಹೋದ್ರೆ ಹದಿನಾಲ್ಕು. ಪ್ಯಾಕೇಜ್ ತಗೊಂಡ್ರೆ ಹನ್ನೊಂದಕ್ಕೇ ಮುಗಿಯುತ್ತೆ,” ಎಂದಳು ಅಮ್ಮ. ಹೊಲಿಗೆ ಮಿಷನ್ನಿನ ಮುಂದೆ ಕೂತು, ಬಟ್ಟೆ ಚೂರಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದಿದ್ದಳು.

“ಉಳಿದ ಮೂರು ಸಾವಿರ ಗಾಜಿನ ದೋಣಿಗೆ,” ಎಂದಳು ಗಿಣಿ. ಮಾತು ಜಾಸ್ತಿ ಎಂದು ಮನೆಯವರೆಲ್ಲ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು.

ಪ್ಯಾಕೇಜಿನಲ್ಲಿ ಎಲ್ಲ ಇತ್ತು, ಗಾಜಿನ ತಳದ ದೋಣಿಯೊಂದು ಇರಲಿಲ್ಲ. ಅದಕ್ಕೆ ಬೇರೆ ದುಡ್ಡು. ಅದರಲ್ಲಿ ಕೂತರೆ ಕಾಲ ಕೆಳಗೇ ಮೀನು ಓಡಾಡುವುದು ಕಾಣುತ್ತದಂತೆ. ಅದರ ಫೋಟೋ ನೋಡಿದ ದಿನದಿಂದ ಗಿಣಿಯ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಫೋನಿನಲ್ಲಿ ಟೈಪ್ ಮಾಡುವ ಕೆಲಸ ಅವಳದೇ. ಅಪ್ಪನ ಹೆಬ್ಬೆರಳು ಒಂದು ಒತ್ತಿದರೆ ಮೂರು ಅಕ್ಷರ ಬೀಳುತ್ತಿದ್ದವು.

ಅಪ್ಪ, ಅಮ್ಮ, ತಾನು. ಆಮೇಲೆ ಅಜ್ಜಿ. ಅಜ್ಜಿಯ ವಯಸ್ಸು ಅರವತ್ತೊಂಬತ್ತು ಎಂದು ಹಾಕಿದ ತಕ್ಷಣ ಹನ್ನೊಂದು ಸಾವಿರ ಹದಿನಾಲ್ಕಾಯಿತು. ಹನ್ನೊಂದು ಎಂದಿದ್ದದ್ದು ಇಬ್ಬರು ದೊಡ್ಡವರಿಗೆ, ಇಬ್ಬರು ಮಕ್ಕಳಿಗೆ.

ಗಿಣಿಯ ದೋಣಿ ಹೋಯಿತು.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಜ್ಜಿ, “ದುಡ್ಡು ಜಾಸ್ತಿ ಆದ್ರೆ ನಾನು ಮನೇಲೇ ಇರ್ತೀನಪ್ಪ. ಇಷ್ಟು ವರ್ಷ ಕಾದ ಸಮುದ್ರ ಇನ್ನೂ ಸ್ವಲ್ಪ ಕಾಯುತ್ತೆ,” ಎಂದಳು. ಸೂಜಿಯಿಂದ ಕಣ್ಣು ಎತ್ತಲಿಲ್ಲ.

‘ಎರಡೇ ರೂಮು ಉಳಿದಿವೆ’ ಎಂದು ಕೆಂಪು ಅಕ್ಷರ ಮಿಣಮಿಣ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಅಮ್ಮ ಎದ್ದು ಓಡಿದಳು. ಗಿಣಿ ಅರವತ್ತೊಂಬತ್ತರ ಆರನ್ನು ಅಳಿಸಿಬಿಟ್ಟಳು. ಮತ್ತೆ ಹನ್ನೊಂದಾಯಿತು.

“ಅಜ್ಜಿ ಸೇರಿ ಅಷ್ಟೇ ಅಮ್ಮ.”

“ಹೌದಾ? ವಯಸ್ಸಾದವರಿಗೆ ಏನೋ ಕಡಿಮೆ ಮಾಡಿರ್ಬೇಕು,” ಎಂದಳು ಅಮ್ಮ. ಅಪ್ಪ ದುಡ್ಡು ಕಟ್ಟಿದ.

ಹೊರಡುವ ದಿನ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಸೀಟು. ವರ್ಷವಿಡೀ ಸಿಟಿ ಬಸ್ಸು ಓಡಿಸುವವನು ಈಗ ಸುಮ್ಮನೆ ಕೂರಬೇಕಿತ್ತು. ಬಸ್ಸು ಇನ್ನೂ ಹೊರಟಿರಲಿಲ್ಲ, ಆಗಲೇ ಅವನ ಬಲಗಾಲು ಬ್ರೇಕು ಹುಡುಕುತ್ತಿತ್ತು.

ಟೋಪಿ ಹಾಕಿದ ಗೈಡ್ ಒಂದೊಂದೇ ಸೀಟು ನೋಡುತ್ತಾ ಬಂದ. “ನಿಮ್ಮದು ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಇನ್ನೊಂದು ಮಗು ಎಲ್ಲಿ ಸಾರ್?”

“ನಮಗಿರೋದು ಇದೊಂದೇ. ಇವರು ನಮ್ಮಮ್ಮ,” ಎಂದ ಅಪ್ಪ.

ಗೈಡ್ ಫೋನು ನೋಡಿದ. ಅಜ್ಜಿಯನ್ನು ನೋಡಿದ. “ಇಲ್ಲಿ ಒಂಬತ್ತು ವರ್ಷ ಅಂತಿದೆ.”

“ಇರಬಹುದಪ್ಪ. ಮುಂದಿನ ಹಲ್ಲು ಇನ್ನೂ ಬಂದಿಲ್ಲ ನೋಡು,” ಎಂದು ಅಜ್ಜಿ ಬಾಯಿ ತೆರೆದು ತೋರಿಸಿದಳು. ಹಿಂದಿನ ಸೀಟಿನವರು ನಕ್ಕರು. ಗೈಡ್‌ಗೂ ನಗು ಬಂತು. ಗಿಣಿ ಮಾತ್ರ ನಗಲಿಲ್ಲ.

“ಮೂರು ಸಾವಿರ ಕಟ್ಟಬೇಕಾಗುತ್ತೆ ಸಾರ್, ನನ್ನ ಕೈಯಲ್ಲಿ ಏನೂ ಇಲ್ಲ. ಇಲ್ಲಾಂದ್ರೆ ಅಜ್ಜಿ ಇಳೀಬೇಕು. ಇಳಿದ್ರೂ ಕಟ್ಟಿದ್ದು ವಾಪಸ್ ಬರಲ್ಲ.”

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಗಿಣಿಯ ಮುಖ ನೋಡಿದಳು.

“ನಾನೇ ಹಾಗೆ ಹಾಕಿದ್ದು,” ಎಂದಳು ಗಿಣಿ. ಧ್ವನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. “ದೋಣಿಗೆ ದುಡ್ಡು ಉಳೀಲಿ ಅಂತ.”

ಅಜ್ಜಿ ಆಗಲೇ ಎದ್ದು ನಿಂತಿದ್ದಳು. ಚೀಲ ಹೆಗಲಿಗೇರಿತ್ತು. “ನಾನು ಇಳಿದುಬಿಡ್ತೀನಿ. ಮನೆ ಏನು ದೂರಾನಾ? ಮಗು ಪಾಪ, ಆ ದೋಣಿ ನೋಡಿಕೊಂಡು ಬರಲಿ.”

ಗಿಣಿ ಆ ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಬೇಡ ಅಜ್ಜಿ. ಅಪ್ಪಾ, ದೋಣಿ ದುಡ್ಡು ಇವರಿಗೆ ಕೊಟ್ಟುಬಿಡು.”

ಅಪ್ಪ ಜೇಬಿನಿಂದ ಲಕೋಟೆ ತೆಗೆದ. “ಆವತ್ತೇ ಒಂದು ಮಾತು ಹೇಳಿದ್ರೆ ಕೂತು ಯೋಚನೆ ಮಾಡ್ತಿದ್ವಲ್ಲೇ,” ಎಂದ.

“ಮನೆಗೆ ಹೋದ್ಮೇಲೆ ನಿನ್ನ ಹತ್ರ ಮಾತಾಡ್ತೀನಿ,” ಎಂದಳು ಅಮ್ಮ.

ಹೋಟೆಲಿನ ರೂಮಿನಲ್ಲಿ ಹಳೆಯ ಲೆಕ್ಕವೇ ಇತ್ತು. ದೊಡ್ಡ ಮಂಚದ ಪಕ್ಕ ಎರಡು ಪುಟ್ಟ ಮಂಚ, ಅವುಗಳ ಮೇಲೆ ಬಾತುಕೋಳಿ ಚಿತ್ರದ ಹೊದಿಕೆ. “ನಂದು ಯಾವುದು?” ಎಂದು ಕೇಳಿ ಅಜ್ಜಿ ಒಂದರಲ್ಲಿ ಮಲಗಿಯೇ ಬಿಟ್ಟಳು. ಪಾದ ಹೊರಗಿತ್ತು.

ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಅಪ್ಪನಿಗೆ ದಾರಿ ಕೇಳುವ ಗೋಜಿರಲಿಲ್ಲ. “ಸಂಜೆಗೆ ಏನು ಮಾಡಲಿ ಅನ್ನೋ ಯೋಚನೆಯೇ ಇಲ್ಲ ನೋಡಿ ಅತ್ತೆ,” ಎಂದು ಅಮ್ಮ ಕಾಲು ಚಾಚಿದಳು. ಅಷ್ಟರಲ್ಲಿ ಕೆಳಗೆ ಗೈಡ್ ಸೀಟಿ ಊದಿದ. ಚಾಚಿದ ಕಾಲನ್ನು ಮಡಚಿ ಅಮ್ಮ ಚಪ್ಪಲಿ ಹುಡುಕಿದಳು.

ಸಮುದ್ರದ ಬಳಿ ಸಿಕ್ಕಿದ್ದು ಒಂದೇ ಗಂಟೆ. ಬಸ್ಸಿನ ಬೇರೆ ಮಕ್ಕಳೆಲ್ಲ ದೋಣಿಯ ಕಡೆ ಓಡಿದರು. ಗಿಣಿ ಅಜ್ಜಿಯ ಕೈ ಹಿಡಿದು ಮರಳಿನಲ್ಲಿ ನಿಧಾನ ನಡೆದಳು. ಅಜ್ಜಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ನೀರಿನ ಅಂಚು ಮುಟ್ಟುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಮೊದಲ ಅಲೆ ಪಾದಕ್ಕೆ ಬಂದಾಗ ಅಜ್ಜಿ ಗಿಣಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಕಾಲ ಕೆಳಗಿನ ಮರಳು ಜಾರಿತು.

“ಎಳೀತಾ ಇದೆ ಕಣೇ,” ಎಂದಳು.

“ನಾನು ಹಿಡ್ಕೊಂಡಿದ್ದೀನಿ ಅಜ್ಜಿ.”

ದೂರದಲ್ಲಿ ದೋಣಿಯಲ್ಲಿದ್ದವರು ಬಗ್ಗಿ ಬಗ್ಗಿ ಮೀನು ನೋಡುತ್ತಿದ್ದರು. ಗಿಣಿ ಒಮ್ಮೆ ಆ ಕಡೆ ನೋಡಿದಳು. ಆಮೇಲೆ ಅಜ್ಜಿಯ ಪಾದ ನೋಡಿದಳು. ಇನ್ನೊಂದು ಅಲೆ ಬರುತ್ತಿತ್ತು.

ಸೀಟಿ ಕೇಳಿಸಿತು. “ಇನ್ನೊಂದು ಬರಲಿ, ಆಮೇಲೆ ಹೋಗೋಣ,” ಎಂದಳು ಅಜ್ಜಿ. ಇಬ್ಬರೂ ನಿಂತರು.

ಗಿಣಿ ಮೀನು ನೋಡಲಿಲ್ಲ. ಅಜ್ಜಿ ಸಮುದ್ರ ನೋಡಿದಳು.