ಕಾಣೆಯಾದ ಹಳದಿ ಕ್ಲಿಪ್ಪು

ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶದ ದಿನ ನಮ್ಮ ಕಚೇರಿಯ ಫೋನುಗಳು ಹಸುಗೂಸುಗಳಂತೆ ಒಂದರ ಹಿಂದೊಂದು ಕಿರುಚುತ್ತವೆ. ವೆಲ್ಬರಿ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರವೇಶದ ಗುಮಾಸ್ತನಾದ ನಾನು, ಕ್ಲೆಮೆಂಟ್ ರಡಕ್, ಆ ಕಿರುಚಾಟಕ್ಕೆ ಎಂದೋ ಒಗ್ಗಿಹೋಗಿದ್ದೆ. ಆದರೆ ಆ ಆಗಸ್ಟಿನ ಗುರುವಾರ ಫೋನು ಮಾಡದೆ, ರೈಲು ಹತ್ತಿ ನೇರವಾಗಿ ನನ್ನ ಮೇಜಿನ ಮುಂದೆ ಬಂದು ನಿಂತವಳು ಬ್ರಯನಿ ಸ್ಲೈಟ್ ಒಬ್ಬಳೇ.

"ನನಗೆ ಬಂದಿರೋದು ಎ-ಬಿ-ಬಿ ಸಾರ್. ನೀವು ಕೇಳಿದ್ದು ಮೂರು ಎ. ನಂದೇ ತಪ್ಪು ಅಂತ ಸುಮ್ನಾಗ್ತಿದ್ದೆ. ಆದ್ರೆ ನಮ್ಮ ಕ್ಲಾಸಿನ ಕ್ಯಾಲಂಗೂ ಎ-ಬಿ-ಬಿನೇ ಬಂದಿದೆ, ಅವನಿಗೆ ಸೀಟೂ ಸಿಕ್ಕಿದೆ. ಅವನಿಗೆ ಎ-ಬಿ-ಬಿ ತಂದ್ರೆ ಸಾಕು ಅಂದಿದ್ರಂತೆ. ಒಂದೇ ಶಾಲೆ, ಒಂದೇ ಊರು. ನನಗ್ಯಾಕೆ ಮೂರು ಎ?"

ಪರೀಕ್ಷೆಗೆ ಮುಂಚೆಯೇ ಸೀಟಿನ ಮಾತು ಕೊಡುವಾಗ ನಮ್ಮಲ್ಲಿ ಎಲ್ಲರಿಗೂ ಹಾಕುವ ಷರತ್ತು ಮೂರು ಎ. ಆದರೆ ಕಾಲೇಜಿನ ಮೆಟ್ಟಿಲು ಹತ್ತುವವರೇ ಅಪರೂಪವಾದ ಶಾಲೆಗಳ ಮಕ್ಕಳಿಗೆ ಎ-ಬಿ-ಬಿ ಸಾಕು, ಅದು ನಿಯಮ. ಕಂಪ್ಯೂಟರ್ ಇದ್ದರೂ ನಮ್ಮವರಿಗೆ ಅರ್ಜಿಗಳನ್ನು ಕಾಗದದಲ್ಲೇ ಓದುವ ಹಳೇ ಚಾಳಿ. ಅಂಥ ಮಕ್ಕಳ ಅರ್ಜಿಗೆ ನಾನೇ ಹಳದಿ ಕ್ಲಿಪ್ಪು ಸಿಕ್ಕಿಸುತ್ತೇನೆ. ಥಾರ್ನ್‌ಸ್ಬಿ ಬಂದರಿನ ಇವರ ಶಾಲೆಯ ಎರಡೂ ಅರ್ಜಿಗಳಿಗೆ ಸಿಕ್ಕಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. ಈಗ ಕಡತ ತೆಗೆದು ನೋಡಿದರೆ ಬ್ರಯನಿಯದರ ಮೇಲೆ ಅದಿರಲಿಲ್ಲ.

"ಮಾರ್ಚಲ್ಲಿ ಅಪ್ಪನ ಭುಜ ಮುರೀತು," ಎಂದಳು. "ಶಾಲೆಗೆ ಮುಂಚೆ ಅವರ ಬದಲು ನಾನೇ ಮೀನು ಕುಯ್ಯೋಕೆ ನಿಂತೆ. ಇಲ್ದಿದ್ರೆ ಮೂರು ಎ ತರ್ತಿದ್ದೆ." ಅವಳ ಎಡಗೈ ಹೆಬ್ಬೆರಳ ತುಂಬ ಬಿಳಿ ಗೀರುಗಳಿದ್ದವು. ನಾನು ನೋಡಿದ್ದು ಕಂಡು ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಳು. "ನಮ್ಮ ಶಾಲೆಯಿಂದ ಇಲ್ಲಿಗೆ ಈವರೆಗೆ ಯಾರೂ ಬಂದಿಲ್ವಂತೆ. ನಮ್ಮಣ್ಣ ನನಗಿಂತ ಜಾಣ. ಅದೆಲ್ಲ ನಮ್ಮಂಥೋರಿಗಲ್ಲ ಅಂತ ಅರ್ಜಿನೇ ಹಾಕ್ಲಿಲ್ಲ. ಐಸ್ ಫ್ಯಾಕ್ಟರೀಲಿ ಪೆಟ್ಟಿಗೆ ಹೊರ್ತಾನೆ."

ವಿಭಾಗದಲ್ಲಿ ಉಳಿದದ್ದು ಒಂದೇ ಸೀಟು. ಸಂಜೆ ಐದಕ್ಕೆ ಅದು ಬೇರೆಲ್ಲೂ ಸೀಟು ಸಿಗದೆ ಕಾಯುತ್ತಿರುವ ಹೊರಗಿನವರ ಪಾಲು. ನಾನು ಹುಡುಗಿಯನ್ನು ಕರೆದುಕೊಂಡು ಹೆಸ್ಬಾ ಟನ್ನಿಕ್ಲಿಫ್ ಬಳಿಗೆ ಓಡಿದೆ.

ಹೆಸ್ಬಾ ನಮ್ಮ ವಿದ್ಯಾರ್ಥಿನಿಲಯದ ವಾರ್ಡನ್. ಚರ್ಚಿನ ಗಂಟೆ ಕದ್ದವನನ್ನೂ ಕುಲಪತಿಗಳ ಜೇನುಗೂಡಿಗೆ ವಿಷ ಹಾಕಿದವನನ್ನೂ ಹಿಡಿದುಕೊಟ್ಟ ಹೆಂಗಸು. ಬೆಣ್ಣೆ ಸವರಿದ ಬ್ರೆಡ್ಡು ಜಗಿಯುತ್ತ ಎಲ್ಲವನ್ನೂ ಕೇಳಿ, ಒಂದೇ ಪ್ರಶ್ನೆ ಕೇಳಿದಳು.

"ಇಬ್ಬರಿಗೂ ಎಷ್ಟು ಬರುತ್ತೆ ಅಂತ ಮೇಷ್ಟ್ರು ಮೊದಲೇ ಅಂದಾಜು ಬರೆದಿರ್ತಾರಲ್ಲ, ಏನು ಬರೆದಿದ್ರು?"

"ಬ್ರಯನಿಗೆ ಮೂರು ಎ. ಕ್ಯಾಲಂಗೆ ಎ-ಬಿ-ಬಿ."

"ಹಾಗೋ!" ಎಂದವಳೇ ಎದ್ದಳು. "ನಡಿ ಕ್ಲೆಮ್. ನಿಮ್ಮಲ್ಲಿ ಅರ್ಜಿ ಓದೋ ಆ ಮೂರು ಜನರನ್ನ ಮಾತಾಡ್ಸೋಣ."

ಅರ್ಜಿ ಮೊದಲು ಹೋಗುವುದು ಡಾಕ್ಟರ್ ಮಾಡ್ಸ್‌ಲಿ ಕೈಗೆ. ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. "ಹಳದಿ ಕ್ಲಿಪ್ ಕಂಡ್ರೆ ನನಗೆ ಮೈ ಉರಿಯುತ್ತೆ, ಮುಚ್ಚಿಡೋದೇನಿದೆ? ಪ್ರತಿ ಸಭೇಲೂ ಜಗಳ ಆಡ್ತೀನಿ. ಆದ್ರೆ ಆ ಎರಡರ ಮೇಲೂ ಕ್ಲಿಪ್ ಇತ್ತು. ಹಾಗೇ ಮುಂದಕ್ಕೆ ಕೊಟ್ಟೆ."

ಎರಡನೆಯವರು ಡಾಕ್ಟರ್ ಜೂಲಿಯನ್ ಹಾರ್‌ಕಾಸಲ್. ದಕ್ಷಿಣದ ಶ್ರೀಮಂತರ ನಯವಾದ ಮಾತು, ಒಳ್ಳೇ ಕೋಟು. ಎರಡೂ ಕೈ ಸದಾ ಜೇಬಿನಲ್ಲಿ. ಮಕ್ಕಳು ಅದನ್ನೇ ಅಣಕ ಮಾಡುತ್ತಾರೆ. ಶುಕ್ರವಾರ ನಾವೆಲ್ಲ ಮೀನು ತಿಂದರೆ ಈ ಮಹಾನುಭಾವರು ವಾಸನೆ ಆಗುವುದಿಲ್ಲವೆಂದು ಮೂಲೆಯ ಮೇಜಿನಲ್ಲಿ ಚೀಸು ತಿನ್ನುತ್ತಾರೆ. ಅವರು ಬ್ರಯನಿಯ ಮುಖವನ್ನು ನೋಡಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದರು. "ನನಗೆ ಬಂದಾಗಲೇ ಕ್ಲಿಪ್ ಇರಲಿಲ್ಲ ಅನ್ಸುತ್ತೆ," ಎಂದರು.

ಕೊನೆಯವರು ವಿಭಾಗದ ಹಿರಿಯರಾದ ಪ್ರೊಫೆಸರ್ ಒಯೆಲಾರನ್. ಷರತ್ತು ಬರೆಯುವವರು ಅವರೇ. "ಕ್ಲಿಪ್ ಇರಲಿಲ್ಲ, ಮೂರು ಎ ಅಂತ ಬರೆದೆ," ಎಂದರು. "ಶಾಲೆ ಹೆಸರನ್ನೂ ನೋಡ್ಬೇಕಿತ್ತು. ನೋಡ್ಲಿಲ್ಲ." ಅವರ ಮುಖ ಬಾಡಿತ್ತು. ನಿಯಮಕ್ಕಾಗಿ ಹೋರಾಡಿದವರೇ ಅವರು.

"ಇದು ಮಾಡ್ಸ್‌ಲಿ ಕೆಲಸವೇ," ಎಂದೆ ನಾನು, ಹೊರಗೆ ಬಂದ ಮೇಲೆ.

"ನಿನ್ನ ತಲೆ!" ಎಂದಳು ಹೆಸ್ಬಾ. "ನಾಲ್ಕು ಗಂಟೆಗೆ ಎಲ್ಲರನ್ನೂ ನನ್ನ ಅಡುಗೆಮನೆಗೆ ಕರಿ. ನಾಳೆ ಶುಕ್ರವಾರ, ಮೀನು ಬಂದಿದೆ."

ನಾಲ್ಕಕ್ಕೆ ಎಲ್ಲರೂ ಸೇರಿದರು. ಮೇಜಿನ ಮೇಲೆ ತೊಡೆಗಾತ್ರದ ಹ್ಯಾಡಕ್ ಮೀನು, ಪಕ್ಕದಲ್ಲಿ ಉದ್ದನೆಯ ಚೂರಿ. ಬ್ರಯನಿ ಕಿಟಕಿಯ ಹತ್ತಿರ ನಿಂತಿದ್ದಳು. ಚಹಾ ಕೊಡುವ ಬದಲು ಹೆಸ್ಬಾ, "ಮಾಡ್ಸ್‌ಲಿ, ಸ್ವಲ್ಪ ಈ ಮೀನು ಸೀಳಿಕೊಡಮ್ಮ, ನನ್ನ ಕೈ ನಡುಗುತ್ತೆ," ಎಂದಳು. ಮಾಡ್ಸ್‌ಲಿ ಗೊಣಗುತ್ತ ಚೂರಿ ಹಿಡಿದಳು. ತಲೆಯ ಕಡೆಯಿಂದ ಒತ್ತಿದ ಚೂರಿ ಜಾರಿ ಅವಳ ಹೆಬ್ಬೆರಳಿನತ್ತ ನುಗ್ಗಿತು.

"ಅಯ್ಯೋ, ಹಾಗಲ್ಲ!"

ಹಾರ್‌ಕಾಸಲ್ ಹಾರಿಬಂದು ಚೂರಿ ಕಸಿದುಕೊಂಡರು. ಕರವಸ್ತ್ರ ತೆಗೆದು ಎಡ ಹೆಬ್ಬೆರಳಿಗೆ ಸುತ್ತಿ, ಬಾಲದ ಕಡೆಯಿಂದ ಚೂರಿ ಇಟ್ಟು, ಮೂಳೆಯ ಗುಂಟ ಒಂದೇ ಎಳೆತಕ್ಕೆ ಮೀನನ್ನು ಬಿಡಿಸಿಬಿಟ್ಟರು. ಆಮೇಲೆ ತಾನೇನು ಮಾಡಿದೆನೆಂದು ತಿಳಿದು ಅಲ್ಲೇ ಮರಗಟ್ಟಿದರು.

"ಬಾಲದಿಂದ ಶುರು ಮಾಡೋದು ನಮ್ಮೂರಲ್ಲಿ ಮಾತ್ರ," ಎಂದಳು ಬ್ರಯನಿ ಮೆಲ್ಲಗೆ.

"ಗೊತ್ತಿರಲಿಲ್ಲ, ಆದ್ರೆ ಅಂಥದ್ದೇ ಏನೋ ಇರುತ್ತೆ ಅನ್ಕೊಂಡಿದ್ದೆ," ಎಂದಳು ಹೆಸ್ಬಾ. "ಕೇಳಿ. ಕ್ಲಿಪ್ಪಿನ ಮೇಲೆ ದ್ವೇಷ ಇರೋರು ಎರಡನ್ನೂ ಕೀಳ್ತಾರೆ. ಒಂದನ್ನೇ ಕೀಳೋದಾದ್ರೆ ಅಂದಾಜು ಅಂಕ ಕಡಿಮೆ ಇರೋ ಕ್ಯಾಲಂದನ್ನ ಕೀಳ್ತಾರೆ. ಕಿತ್ತಿದ್ದು ಜಾಣೆ ಹುಡುಗೀದು. ಹಾಗಾದ್ರೆ ಕಿತ್ತೋರಿಗೆ ಅವಳ ಮೇಲೆ ಹಗೆ ಇಲ್ಲ, ಅಭಿಮಾನ ಇದೆ. ಮೂರು ಎ ಹೇಗಿದ್ರೂ ತರ್ತಾಳೆ, ರಿಯಾಯಿತಿ ಯಾಕೆ ಅನ್ನೋ ಅಭಿಮಾನ. ನಿಯಮಕ್ಕೆ ಬಡಿದಾಡಿದ ಒಯೆಲಾರನ್‌ಗೆ ಅದು ರಿಯಾಯಿತಿ ಅಲ್ಲ, ಹಕ್ಕು. ಮಾಡ್ಸ್‌ಲಿ ಎದುರೆದುರೇ ಜಗಳ ಆಡೋಳು. ಉಳಿದಿದ್ದು ಜೂಲಿಯನ್. ಮೀನಿನ ವಾಸನೆಗೆ ಮೂಲೆ ಸೇರೋನು, ಹುಡುಗಿ ಗೀರು ಬಿದ್ದ ಕೈಯನ್ನೇ ನೋಡೋನು, ತನ್ನ ಕೈ ಮಾತ್ರ ಯಾರಿಗೂ ತೋರಿಸದೋನು. ಕರವಸ್ತ್ರ ಬಿಚ್ಚು ಜೂಲಿಯನ್."

ಅವರು ಬಿಚ್ಚಿದರು. ಹೆಬ್ಬೆರಳ ತುಂಬ ಬಿಳಿ ಗೀರುಗಳಿದ್ದವು, ಬ್ರಯನಿಯದರಂತೆಯೇ.

"ನಾನೂ ಥಾರ್ನ್‌ಸ್ಬಿಯೋನೇ, ಅದೇ ಶಾಲೇಲಿ ಓದಿದೋನು," ಎಂದರು. ಆ ನಯವಾದ ಮಾತು ಎಲ್ಲೋ ಕಳಚಿಬಿದ್ದಿತ್ತು. "ಇಲ್ಲಿದ್ದ ಆಗಿನ ಪ್ರೊಫೆಸರು ನನಗೆ ಬರೀ ಪಾಸಾಗಿ ಬಾ, ಎರಡು ಇ ಸಾಕು ಅಂದಿದ್ರು. ಬಂದ ವಾರವೇ ಎಲ್ಲರಿಗೂ ಗೊತ್ತಾಯ್ತು. ಓದು ಮುಗಿಯೋತನಕ ನನ್ನ ಹೆಸರೇ 'ಎರಡು ಇ'. ಈ ಹುಡುಗೀನ ಯಾರೂ ಹಾಗೆ ಅನ್ಬಾರ್ದು, ಮುಂಬಾಗಿಲಿನಿಂದಲೇ ಬರ್ಲಿ ಅಂತ... ಅವಳಪ್ಪನ ಭುಜ ಮುರಿಯುತ್ತೆ ಅಂತ ನನಗೇನು ಗೊತ್ತಿತ್ತು?"

"ನನ್ನ ಮೇಲೆ ಹಾಕೋಕೆ ಮಾತ್ರ ಗೊತ್ತಿತ್ತು," ಎಂದಳು ಮಾಡ್ಸ್‌ಲಿ.

"ಹೌದು," ಎಂದರು ಹಾರ್‌ಕಾಸಲ್. "ನಾಚಿಕೆಗೇಡು."

ಮಾಡ್ಸ್‌ಲಿಯನ್ನು ಕ್ಷಣವೂ ಯೋಚಿಸದೆ ಕಳ್ಳಿ ಮಾಡಿದ ನನಗೂ ಅವಳ ಮುಖ ನೋಡಲಾಗಲಿಲ್ಲ.

ಒಯೆಲಾರನ್ ಕುರ್ಚಿಯಿಂದ ಎದ್ದರು. "ತಪ್ಪು ವಿಭಾಗದ್ದು. ನಿನಗೆ ಹಾಕಬೇಕಿದ್ದ ಷರತ್ತು ಎ-ಬಿ-ಬಿ, ನೀನು ತಂದಿರೋದೂ ಎ-ಬಿ-ಬಿ. ಸೀಟು ನಿನ್ನದಮ್ಮ. ಕ್ಲೆಮೆಂಟ್, ಈಗಲೇ ಬರ್ಕೊಳ್ಳಿ." ನಾನು ಬರೆದುಕೊಂಡೆ. ಗಂಟೆ ಇನ್ನೂ ಐದಾಗಿರಲಿಲ್ಲ. ಬ್ರಯನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು, ಈ ಸಲ ಕೈ ಬಚ್ಚಿಡಲಿಲ್ಲ.

ಅಳು ನಿಂತ ಮೇಲೆ ಹಾರ್‌ಕಾಸಲ್ ಹತ್ತಿರ ಬಂದರು. "ಕ್ಷಮಿಸ್ತೀಯಾ?"

"ಮುಂಬಾಗಿಲೋ ಹಿಂಬಾಗಿಲೋ, ಒಳಗೆ ಬಿಟ್ಟಿದ್ರೆ ಸಾಕಿತ್ತು ಸಾರ್," ಎಂದಳು. "ಅದು ಹೋಗ್ಲಿ ಬಿಡಿ, ಸೀಟು ಸಿಕ್ತಲ್ಲ." ಆಮೇಲೆ ಏನೋ ಹೊಳೆದವಳಂತೆ ಅವರನ್ನೇ ದಿಟ್ಟಿಸಿದಳು. "ಹಾಗಾದ್ರೆ ನಮ್ಮ ಶಾಲೆಯಿಂದ ಯಾರೂ ಬಂದಿಲ್ಲ ಅನ್ನೋದು ಸುಳ್ಳು. ನೀವು ಇಷ್ಟು ವರ್ಷದಿಂದ ಇಲ್ಲೇ ಇದ್ರಿ."

"ಇದ್ದೆ."

"ಒಂದ್ಸಲನಾದ್ರೂ ಬಂದು ಹೇಳ್ಬಾರ್ದಿತ್ತಾ ಸಾರ್? ಒಬ್ಬರು ಹೋಗಿದಾರೆ ಅಂತ ಗೊತ್ತಿದ್ದಿದ್ರೆ, ನಮ್ಮಣ್ಣನೂ ಅರ್ಜಿ ಹಾಕ್ತಿದ್ದ."

ಹಾರ್‌ಕಾಸಲ್ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟರು, ಕೈಗಳನ್ನು ಮಾತ್ರ ಹೊರಗೇ ಬಿಟ್ಟರು.