ಎಡದಿಂದ ಮೂರನೆಯ ಟ್ಯೂಬ್

ರಾತ್ರಿ ಗೋಡೆಯಾಚೆ ಕರಕರ ಸದ್ದು. ಇಲಿ ಇರಬೇಕೆಂದು ಮಗ್ಗುಲಾದೆ. ಅಕ್ಕನ ಮನೆಗೆ ಬಂದು ನನಗದು ಐದನೇ ರಾತ್ರಿ. ಬೆಳಿಗ್ಗೆ ನೋಡಿದರೆ ಅವಳ ಚಿತ್ರ ಹಾಳಾಗಿತ್ತು.

ನೂರು ವರ್ಷಕ್ಕೂ ಹಿಂದಿನ ಚುಕ್ಕೆ ಚಿತ್ರಕಾರರ ದಾರಿ ಹಿಡಿದು ಬಿಡಿಸಿದ್ದಳು. ಅಲ್ಲಿ ಬಣ್ಣ ಬೆರೆಸುವುದಿಲ್ಲ. ಚುಕ್ಕೆಯ ಪಕ್ಕ ಚುಕ್ಕೆ ಇಟ್ಟರೆ, ದೂರದಿಂದ ನೋಡುವವರ ಕಣ್ಣೇ ಬೆರೆಸಿಕೊಳ್ಳುತ್ತದೆ. ಕಿಟಕಿಯ ಬಳಿ ಕೂತ, ತೀರಿಹೋದ ನಮ್ಮಮ್ಮ. ಎಂಟು ತಿಂಗಳ ಕೆಲಸ. ಕೊನೆಗುಳಿದಿದ್ದ ಉಡುಗೆಯನ್ನು ಈ ವಾರವಷ್ಟೇ ಮುಗಿಸಿದ್ದಳು, ನನಗಿನ್ನೂ ತೋರಿಸಿರಲಿಲ್ಲ. ಈಗ ಉಡುಗೆಯಿದ್ದಲ್ಲಿ ಬರೀ ಕ್ಯಾನ್ವಾಸ್. ಪ್ರದರ್ಶನಕ್ಕೆ ಆರು ದಿನ. ಹತ್ತು ವರ್ಷದಲ್ಲಿ ಅಕ್ಕನನ್ನು ಕರೆದಿದ್ದ ಒಂದೇ ಪ್ರದರ್ಶನ.

"ಈ ಕೋಣೆಯ ಇನ್ನೊಂದು ಬೀಗದ ಕೈ ಇರೋದು ಕೆಳಗಿನ ಅಂಗಡೀಲಿ ಚೌಕಟ್ಟು ಮಾಡೋನ ಹತ್ರ," ಎಂದಳು ಅಕ್ಕ, ಮುಖ ತಿರುಗಿಸಿ.

"ಪೊಲೀಸರಿಗೆ ಹೇಳೋಣ್ವಾ?"

"ಬೇಡ. ಅವನನ್ನ ಈ ಕಟ್ಟಡ ಬಿಡಿಸಿದ್ರೆ ಸಾಕು."

ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ತಪ್ಪು ಹುಡುಕದೆ ಕೂರಲಾರೆ. ಕ್ಯಾನ್ವಾಸ್ ಎಲ್ಲೂ ಹರಿದಿರಲಿಲ್ಲ. ಬಣ್ಣ ಕೆರೆಯುವ ಅಲಗನ್ನು ಒರೆಸಿ ಮತ್ತೆ ಮೊಳೆಗೆ ತೂಗುಹಾಕಲಾಗಿತ್ತು. ಹಗೆಯವನು ಇಷ್ಟು ಅಚ್ಚುಕಟ್ಟಾಗಿ ಹಾಳುಮಾಡುವುದಿಲ್ಲ. ಕಸದ ಬುಟ್ಟಿಯಲ್ಲಿ ಕೆರೆದ ಬಣ್ಣವಿತ್ತು. ಹಸಿರು.

ಅಕ್ಕ ಬಿಡಿಸಬೇಕಿದ್ದ ಅಮ್ಮನ ಉಡುಗೆ ಕಿತ್ತಳೆ ಬಣ್ಣದ್ದು.

* * *

ಚೌಕಟ್ಟಿನವನು ಕೆಳಗಿನ ಅಂಗಡಿಯಲ್ಲಿ ಮರದ ಪಟ್ಟಿ ಹೆರೆಯುತ್ತಿದ್ದ.

"ಆ ಕ್ಯಾನ್ವಾಸ್ ಬಿಗಿದವನೇ ನಾನು ಕಣಮ್ಮ. ಅದನ್ನ ಕೆಡಿಸೋಕೆ ನಂಗೇನು ತಲೆ ಕೆಟ್ಟಿದ್ಯಾ?"

"ರಾತ್ರಿ ಎಲ್ಲಿದ್ರಿ?"

"ಹೆಂಡತಿ ಗೊರಕೆ ಕೇಳ್ತಾ ಬಿದ್ಕೊಂಡಿದ್ದೆ. ಸಾಕ್ಷಿ ಬೇಕಾದ್ರೆ ಪಕ್ಕದ ಮನೆಯವರ್ನ ಕೇಳಿ, ಅವ್ರಿಗೂ ಕೇಳ್ಸತ್ತೆ." ಹೆರೆಯುವುದನ್ನು ನಿಲ್ಲಿಸಿದ. "ನಿನ್ನೆ ಸಂಜೆ ಹೊಗಳಿ ಬೇರೆ ಬಂದೆ. ಹಸಿರು ಉಡುಗೆ ಎಷ್ಟು ತಂಪಾಗಿದೆ ಅಂದೆ. ನಿಮ್ಮಕ್ಕನ ಮುಖ ಸುಣ್ಣ ಬಳ್ದಂಗಾಯ್ತು. ಬಾಗಿಲು ಹಾಕ್ಕೊಂಡ್ರು."

ನಾನು ಮೆಟ್ಟಿಲು ಹತ್ತಿ ಅಕ್ಕನ ಕೋಣೆಗೆ ಹೋದೆ.

* * *

"ಅಕ್ಕ, ಆ ಕಿತ್ತಳೆ ಬಣ್ಣ ಕೊಡು."

ಅವಳು ಟ್ಯೂಬುಗಳ ಸಾಲನ್ನು ಎಡದಿಂದ ಬೆರಳಲ್ಲಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮೂರನೆಯದನ್ನು ಕೊಟ್ಟಳು. ಹಸಿರು.

"ಯಾವಾಗಿಂದ ಕಾಣಿಸ್ತಿಲ್ಲ?"

ಅವಳು ಬಟ್ಟೆಗೆ ಕೈ ಒರೆಸಿಕೊಂಡಳು. "ಒಂದು ವರ್ಷ. ಎಲ್ಲಿ ನೋಡಿದ್ರೂ ನಡುವೆ ಮಸಿ ಬಳಿದಂಗೆ. ಅಂಚಲ್ಲಿ ಅಷ್ಟಿಷ್ಟು ಕಾಣತ್ತೆ, ಬಣ್ಣ ತಿಳಿಯಲ್ಲ. ಟ್ಯೂಬಿನ ಜಾಗ ಬಾಯಿಪಾಠ ಮಾಡ್ಕೊಂಡಿದ್ದೆ. ಈಗ ಎಣಿಕೆನೂ ಕೈಕೊಡ್ತು."

"ಎಣಿಕೆ ತಪ್ಪಿಲ್ಲ. ಸೋಮವಾರ ನಾನೇ ಟ್ಯೂಬುಗಳನ್ನ ಎತ್ತರ ನೋಡಿ ಜೋಡಿಸ್ಬಿಟ್ಟೆ."

"ಹುಟ್ಟಿದಾಗಿಂದ ನೀನು ಹೀಗೇ. ಗುಡಿಸ್ತೀನಿ ಅಂತ ಹೋಗಿ ಗುಂಡಾಂತರ ಮಾಡ್ತೀಯ." ಅವಳ ನಗು ಅರ್ಧದಲ್ಲೇ ಒಡೆಯಿತು. "ಯಾರಿಗಾದ್ರೂ ಗೊತ್ತಾದ್ರೆ, ಕುರುಡಿ ಬಿಡಿಸಿದ್ದು ಅಂತ ನೋಡೋಕೆ ಬರ್ತಾರೆ. ಅಮ್ಮನನ್ನ ಯಾರೂ ನೋಡಲ್ಲ."

"ಅದಕ್ಕೆ ಆ ಚೌಕಟ್ಟಿನವನ ಅನ್ನಕ್ಕೆ ಕಲ್ಲು ಹಾಕೋದಾ?"

"ಆ ಹಸಿರು ನೋಡಿದ್ದು ಅವನೊಬ್ಬನೇ."

ಆಮೇಲೆ ಅವಳೇ ಕೆಳಗಿಳಿದಳು, ಕಂಬಿ ಹಿಡಿದು. "ನಾನೇ ಕೆರೆದೆ ಕಣಪ್ಪ. ಬಣ್ಣ ಹಿಡಿಸ್ಲಿಲ್ಲ. ನಿನ್ನ ಹೆಸರು ತೆಗೆದದ್ದು ತಪ್ಪಾಯ್ತು."

ಅವಳ ಕಾಲು ಮೆಟ್ಟಿಲನ್ನು ತಡವಿದ್ದು ಅವನಿಗೆ ಕಂಡಿತ್ತು. ಮರದ ಪಟ್ಟಿಗಳನ್ನು ದಾರಿಯಿಂದ ಬದಿಗೆ ಸರಿಸಿದ.

* * *

ಐದು ದಿನ ನಾನು ಟ್ಯೂಬ್ ಕೊಟ್ಟೆ, ಅವಳು ಚುಕ್ಕೆ ಇಟ್ಟಳು. ಕೊನೆಯ ಸಂಜೆ ದೂರ ನಿಂತು ನೋಡಿದೆ. ಅಮ್ಮನ ಉಡುಗೆ ಕೆಂಡದಂತೆ ಉರಿಯುತ್ತಿತ್ತು. ಹತ್ತಿರ ಹೋದೆ. ಮೊಣಕಾಲಿನ ಬಳಿ ಕೆರೆತಕ್ಕೆ ಸಿಗದೆ ಉಳಿದ ಒಂದು ಹಸಿರು ಚುಕ್ಕೆ.

"ಸರಿಯಾಗಿದ್ಯಾ?"

ನನ್ನ ಬೆರಳು ತಾನಾಗಿಯೇ ಜೇಬಿನ ಕೆಂಪು ಪೆನ್ನನ್ನು ಹುಡುಕಿತು. ಕೈ ಹೊರಗೆ ತೆಗೆದೆ.

"ಸರಿಯಾಗಿದೆ," ಎಂದೆ.

ಅವಳ ಕಣ್ಣಿನ ಮಾತು ಯಾರಿಗೂ ಹೇಳುವುದಿಲ್ಲ. ಆ ಚುಕ್ಕೆಯ ಮಾತು ಅವಳಿಗೂ.